ಕಚೇರಿಯನ್ನು ಸೇತುವೆಯ ಹಾಗೆ ಕಟ್ಟಬಹುದೇ?

ಓದುಗರ ಪತ್ರ: ಸಾರ್ವಜನಿಕ ಆಡಳಿತವೂ ಒಂದು ವಿನ್ಯಾಸ ವಿಜ್ಞಾನ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಸೇತುವೆ ಕಟ್ಟಿದ ಹಾಗೆ ಸರ್ಕಾರಿ ಕಚೇರಿಯನ್ನೂ ಕಟ್ಟಲು ಆಗುತ್ತದೆಯೇ? ನನಗೇನೋ ನಂಬಿಕೆಯಿಲ್ಲ.
– ನಿವೃತ್ತ ಉಪನ್ಯಾಸಕರು, ಧಾರವಾಡ

ಸಂಪಾದಕರ ಉತ್ತರ: ಒಂದು ಮಟ್ಟದವರೆಗೆ ಆಗುತ್ತದೆ, ಸರ್.

ಈ ವಿಚಾರಕ್ಕೆ ಬುನಾದಿ ಹಾಕಿದವರು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್. ಈಗಿರುವ ಸ್ಥಿತಿಯನ್ನು ಬೇಕಾದ ಸ್ಥಿತಿಗೆ ತರಲು ದಾರಿ ಹುಡುಕುವವರೆಲ್ಲ ವಿನ್ಯಾಸ ಮಾಡುವವರೇ ಎಂಬುದು 1969ರಲ್ಲಿ ಅವರು ಮುಂದಿಟ್ಟ ಮಾತಿನ ತಿರುಳು. ಕಚೇರಿ ಹೀಗಿದೆ ಎಂದು ವಿವರಿಸಿ ಸುಮ್ಮನಾಗದೆ, ಹೇಗೆ ಸರಿಮಾಡೋಣ, ಮಾಡಿದ್ದು ಫಲ ಕೊಟ್ಟಿತೇ ಎಂದು ಕೇಳುವ ಶಿಸ್ತು ಇದು. ಆಡಳಿತದ ಪಾಠಗಳಲ್ಲಿ ಈ ಪ್ರಶ್ನೆ ಕಡಿಮೆ ಎಂಬ ಕೊರಗು ನನಗೆ ಬಹಳ ದಿನಗಳಿಂದ ಇದೆ.

ಕರ್ನಾಟಕದ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮದೇ 'ಭೂಮಿ' ಯೋಜನೆ ನೋಡಿ. ಮೊದಲು ಪಹಣಿ, ಅಂದರೆ ಜಮೀನಿನ ಹಕ್ಕುದಾಖಲೆ, ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಅವರು ಸಿಕ್ಕರೂ ಎಷ್ಟೋ ಸಲ ಕೈ ಬಿಸಿ ಮಾಡದೆ ಕೆಲಸ ಆಗುತ್ತಿರಲಿಲ್ಲ. 2000ದ ಆಸುಪಾಸಿನಲ್ಲಿ ದಾಖಲೆಗಳು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. ಆಗ 15 ರೂಪಾಯಿ ಕಟ್ಟಿದರೆ ಪಹಣಿ ಕೈಗೆ ಬರುತ್ತಿತ್ತು. ಕೌಂಟರಿನಲ್ಲಿ ರೈತನಿಗೆ ಕಾಣುವಂತೆ ಇನ್ನೊಂದು ಪರದೆ. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದಕ್ಕೇ ಮೊದಲ ಸರದಿ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಕಂಪ್ಯೂಟರಿನಲ್ಲಿ ದಾಖಲೆ ತೆರೆಯಬೇಕು, ಹಾಗಾಗಿ ಯಾರು ಏನು ತಿದ್ದಿದರು ಎಂಬುದು ಉಳಿಯುತ್ತದೆ. ಯಾರ ಗುಣವನ್ನೂ ತಿದ್ದಲು ಹೋಗಲಿಲ್ಲ, ಫೈಲಿನ ದಾರಿ ಬದಲಾಯಿಸಿದರು. ಅಷ್ಟಕ್ಕೇ ಎಷ್ಟೋ ಸುತ್ತಾಟ ತಪ್ಪಿತು. ಇದು ಸಣ್ಣ ಸಾಧನೆ ಅಲ್ಲ.

ಆದರೆ ಕಂಪ್ಯೂಟರಿಗೆ ಹೋದದ್ದು ಹಳೆಯ ಪುಸ್ತಕದಲ್ಲಿ ಇದ್ದದ್ದೇ. ತೀರಿಹೋದ ಅಜ್ಜನ ಹೆಸರಲ್ಲಿದ್ದ ಜಮೀನು ಅಜ್ಜನ ಹೆಸರಲ್ಲೇ ಅಚ್ಚಾಗಿ ಬಂತು. ಅದು ವಾರಸುದಾರರ ಹೆಸರಿಗೆ ಬರಬೇಕಾದರೆ, ಅಂದರೆ ಪೌತಿ ಖಾತೆ ಆಗಬೇಕಾದರೆ, ಅಣ್ಣತಮ್ಮಂದಿರು ಒಪ್ಪಬೇಕು, ಅಕ್ಕತಂಗಿಯರ ಪಾಲು ಇತ್ಯರ್ಥವಾಗಬೇಕು. ಆ ಜಗಳ ಯಾವ ಸಾಫ್ಟ್‌ವೇರಿಗೂ ಬಗ್ಗುವುದಿಲ್ಲ.

ಇನ್ನೂ ದೊಡ್ಡ ತೊಡಕು ಸೈಮನ್ ಹೇಳಿದ 'ಬೇಕಾದ ಸ್ಥಿತಿ'ಯಲ್ಲೇ ಇದೆ. ಯಾರಿಗೆ ಬೇಕಾದದ್ದು? ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ನಮ್ಮಲ್ಲಿ ಗೇಣಿ ಬಹುಮಟ್ಟಿಗೆ ನಿಷಿದ್ಧ. ಆದರೂ ಬಾಯಿಮಾತಿನ ಮೇಲೆ ಗುತ್ತಿಗೆಗೆ, ಕೋರಿಗೆ (ಬೆಳೆಯಲ್ಲಿ ಪಾಲಿಗೆ) ಉಳುವವರು ಊರೂರಲ್ಲಿ ಇದ್ದಾರೆ, ಅಲ್ವಾ? ಪಹಣಿಯಲ್ಲಿ ಸಾಗುವಳಿದಾರರ ಕಾಲಂ ಇದೆ, ಇವರ ಹೆಸರು ಮಾತ್ರ ಅಲ್ಲಿ ಬರುವುದು ಅಪರೂಪ. ಬೆಳೆ ಹಾಳಾದರೆ ಪರಿಹಾರ ದಾಖಲೆಯಲ್ಲಿ ಹೆಸರಿದ್ದವರಿಗೆ. ಬಿತ್ತಿದವರಿಗೆ ಸಿಗುವುದು ಮಾಲೀಕರು ಮನಸ್ಸು ಮಾಡಿದರೆ. ಎಷ್ಟೇ ಜಾಣ ವಿನ್ಯಾಸಕಾರರಾದರೂ ಆ ಕಾಲಂನಲ್ಲಿ ಯಾರ ಹೆಸರಿರಬೇಕು ಎಂಬುದನ್ನು ತೀರ್ಮಾನಿಸಲು ಅವರಿಗೆ ಅಧಿಕಾರವಿಲ್ಲ, ಇರಲೂ ಬಾರದು. ಅದು ವಿಧಾನಸಭೆಯಲ್ಲಿ, ಗ್ರಾಮಸಭೆಯಲ್ಲಿ ಎಲ್ಲರೆದುರು ವಾದ ಮಾಡಿ ಇತ್ಯರ್ಥ ಮಾಡಬೇಕಾದ ವಿಷಯ. ಅಲ್ಲಿ ಏನೆಂದು ನಿರ್ಧಾರವಾದ ಮೇಲೆ, ಆ ಕಾಲಂ ತುಂಬುವ ಬಗೆಯನ್ನು ವಿನ್ಯಾಸಕಾರರಿಗೆ ವಹಿಸೋಣ.