ಎಲ್ಲರಿಗೂ ಸಹಾಯ ಮಾಡ್ತೇನೆ, ಆದರೂ ಯಾಕೆ ಸಿಟ್ಟು ಬರುತ್ತದೆ?

"ಊರವರ ಕೆಲಸಕ್ಕೆಲ್ಲ ಓಡಾಡ್ತೇನೆ. ಸಹಾಯ ಮಾಡಿದರೆ ನೆಮ್ಮದಿ ಅಂತಾರೆ, ನನಗೆ ಸಿಗುವುದು ಸುಸ್ತು, ಸಿಟ್ಟು ಮಾತ್ರ. ನಾನು ಸ್ವಾರ್ಥಿಯಾ?" ಎಂದು ಕೇಳಿದ್ದೀರಿ. ಸ್ವಾರ್ಥದ ಮಾತು ಬಿಡಿ. ಆ ಕೆಲಸಗಳಲ್ಲಿ 'ಆಗುವುದಿಲ್ಲ' ಅಂತ ಹೇಳಲು ನಿಮಗೆ ದಾರಿ ಇದ್ದದ್ದು ಎಷ್ಟಕ್ಕೆ?

ನಾನು ಉಡುಪಿ ಕಡೆಯವನು. ಜಾತ್ರೆ ಊಟಕ್ಕೆ ಬಡಿಸುವುದೆಂದರೆ ನನಗೆ ಇಷ್ಟ. ಸಾರಿನ ಬಾಲ್ದಿ ಹಿಡಿದು ಹಂತಿಯ ನಡುವೆ ಬಗ್ಗಿಕೊಂಡೇ ಓಡಬೇಕು. ಅನ್ನದಲ್ಲಿ ಗುಂಡಿ ಮಾಡಿ ಕಾಯುತ್ತಿರುತ್ತಾರೆ, ಪಕ್ಕದವರ ಪಂಚೆಗೆ ಸಿಡಿಯದ ಹಾಗೆ ಸುರಿಯಬೇಕು. ಸೊಂಟ ಬಿದ್ದುಹೋದರೂ ಮನಸ್ಸು ಹಗುರ. ಸಂಬಂಧಿಕರೊಬ್ಬರ ಮನೆ ಒಕ್ಕಲಿಗೆ ಮಾತ್ರ ನನ್ನನ್ನು ಕೇಳದೆಯೇ ವಾಟ್ಸಾಪ್ ಗ್ರೂಪಲ್ಲಿ ಹೆಸರು ಹಾಕಿಬಿಟ್ಟಿದ್ದರು. ಅಲ್ಲಿ ಪಾಯಸ ಬಡಿಸುವಾಗಲೂ ನನ್ನ ಮುಖ ಗಂಟು!

ಇದು ನನ್ನೊಬ್ಬನ ಕಥೆ ಅಲ್ಲ. ನೆಟ್ಟಾ ವೈನ್‌ಸ್ಟೀನ್ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು 2010ರಲ್ಲಿ ಇದನ್ನೇ ಪರೀಕ್ಷಿಸಿ ಬರೆದರು. ಒಂದು ಪ್ರಯೋಗದಲ್ಲಿ ಕೆಲವರಿಗೆ ಎಷ್ಟು ದುಡ್ಡು ಕೊಡಬೇಕೆಂದು ತಾವೇ ತೀರ್ಮಾನಿಸಲು ಬಿಟ್ಟರು, ಉಳಿದವರಿಗೆ ಇಷ್ಟು ಕೊಡಿ ಎಂದು ಹೇಳಿದರು. ಕೊಟ್ಟ ಖುಷಿ ಸಿಕ್ಕಿದ್ದು ತಾವೇ ತೀರ್ಮಾನಿಸಿದವರಿಗೆ. ಇನ್ನೂ ಒಂದುಂಟು: ಮನಸ್ಸಿದ್ದು ಮಾಡಿದ ಸಹಾಯದಿಂದ ಪಡೆದವರಿಗೂ ಜಾಸ್ತಿ ಒಳ್ಳೆಯದಾಗಿತ್ತು.

ಹಾಗಂತ ಇಷ್ಟವಾದದ್ದನ್ನು ಮಾತ್ರ ಮಾಡಿ ಎಂದಲ್ಲ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಯಾರಿಗೂ ಮಜಾ ಅಲ್ಲ. ಆದರೆ ಇದು ನನ್ನ ಕೆಲಸ ಅಂತ ಒಳಗಿನಿಂದ ಒಪ್ಪಿದ್ದರೆ ಅಷ್ಟು ಭಾರ ಅನಿಸುವುದಿಲ್ಲ.

ನಮ್ಮ ಕಡೆ ಸೇವೆಯ ಮಾತು ಬಂದರೆ ಹರೇಕಳ ಹಾಜಬ್ಬರ ಹೆಸರು ತೆಗೆಯುತ್ತಾರೆ. ಮಂಗಳೂರಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದವರು, 2020ರ ಪದ್ಮಶ್ರೀ. 'ಅವರನ್ನು ನೋಡಿ ಕಲಿ' ಎನ್ನುವವರು ಒಂದು ಮರೆಯುತ್ತಾರೆ. ಅವರಿಗೆ ಆ ಕೆಲಸವನ್ನು ಯಾರೂ ಹೊರಿಸಿರಲಿಲ್ಲ ಮಾರಾಯ್ರೇ.

ನಿಮಗೆ ನನ್ನ ಸಲಹೆ: ಯಾರಾದರೂ ಕೇಳಿದ ಕೂಡಲೇ ಹೂಂ ಅನ್ನಬೇಡಿ, 'ನಾಳೆ ಹೇಳ್ತೇನೆ' ಅನ್ನಿ. ನಮ್ಮ ದೊಡ್ಡಮ್ಮನ ಬ್ಯಾಂಕ್, ಔಷಧಿ ಓಡಾಟ ಎಲ್ಲ ನನ್ನ ತಲೆಗೇ ಇತ್ತು. ಮಂಗಳವಾರ ನಾನು ಬರ್ತೇನೆ, ಉಳಿದ ದಿನ ಆಟೋ ಮಾಡಿ ಎಂದೆ. ಸ್ವಲ್ಪ ದಿನ ಮಾತು ಬಿಟ್ಟರು. ಈಗ ಸೋಮವಾರ ಸಂಜೆಯೇ ಫೋನ್ ಮಾಡಿ, "ನಾಳೆ ಪುರುಸೊತ್ತುಂಟಾ?" ಅಂತ ಕೇಳುತ್ತಾರೆ. ಹೆಚ್ಚಾಗಿ ಇರುತ್ತದೆ.