'ಇಂಡಿಯನ್' ಅಂತ ಯಾಕೆ ಹೆಸರು?

ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯ ಕಥೆ ಏನು, ಅಲ್ಲಿ ಎಲ್ಲರಿಗೂ ಬೈಬಲ್ ಕಲಿಸ್ತಾರಾ ಅಂತ ನೀವು ಕೇಳಿದಿರಿ. ನಾನು ಅತ್ತಿಬೆಲೆಯವನು. ಟೋಲ್ ದಾಟಿ ಸ್ವಲ್ಪ ಹೋದರೆ ತಮಿಳುನಾಡು. ನಮ್ಮ ಕಡೆ ಇಂಗ್ಲಿಷ್ ಮೀಡಿಯಂ ಶಾಲೆ ಅಂದರೆ ಸಾಕು, ಅದು 'ಕಾನ್ವೆಂಟ್'. ಒಳಗೆ ಒಬ್ಬ ಸಿಸ್ಟರೂ (ಕ್ರೈಸ್ತ ಸನ್ಯಾಸಿನಿ) ಇರುವುದಿಲ್ಲ, ಬೋರ್ಡಿನಲ್ಲಿ ಮಾತ್ರ ಮನೆದೇವರ ಹೆಸರಿನ ಪಕ್ಕ ಕಾನ್ವೆಂಟ್ ಅಂತ ಬರೆದಿರುತ್ತೆ. ಅಸಲಿ ಕಾನ್ವೆಂಟ್ ಅಂದರೆ ಸಿಸ್ಟರುಗಳ ಮಠ. ಬೆಂಗಳೂರಿಗೆ ಗುಡ್ ಶೆಫರ್ಡ್ ಸಿಸ್ಟರುಗಳು ಬಂದದ್ದು 1854ರಲ್ಲಿ. ಅವರೂ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು.

ಈಗ ನೀವು ಕೇಳಿದ ಸೇಂಟ್ ಜೋಸೆಫ್ಸ್ ವಿಚಾರ. ಅದನ್ನು 1858ರಲ್ಲಿ ಕಟ್ಟಿದವರು ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಪಾದ್ರಿಗಳು. 1937ರಲ್ಲಿ ಜೆಸ್ವಿಟ್ ಅನ್ನೋ ಇನ್ನೊಂದು ಕ್ಯಾಥೊಲಿಕ್ ಸಂಘದ ಪಾದ್ರಿಗಳ ಕೈಗೆ ಬಂತು.

ಚಿಕ್ಕವನಿದ್ದಾಗ ವಿಠಲ್ ಮಲ್ಯ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ 'ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲ್' ಅಂತ ಓದಿ ತಲೆ ಕೆಡಿಸಿಕೊಂಡಿದ್ದೆ. ಇಂಡಿಯಾದಲ್ಲೇ ಇರೋ ಶಾಲೆಗೆ ಇಂಡಿಯನ್ ಅಂತ ಯಾಕೆ? ಪಕ್ಕದಲ್ಲಿದ್ದ ಮಾವನಿಗೂ ಗೊತ್ತಿರಲಿಲ್ಲ. ಸುಮ್ನೆ ಕೂತ್ಕೋ ಅಂದರು. ಆಮೇಲೆ ತಿಳಿಯಿತು, ಹಿಂದೆ ಇನ್ನೊಂದು ಜೋಸೆಫ್ಸ್ ಯುರೋಪಿಯನ್ನರದ್ದಾಗಿತ್ತು. ಈಗ ಮ್ಯೂಸಿಯಂ ರಸ್ತೆಯಲ್ಲಿರುವ ಬಾಯ್ಸ್ ಹೈಸ್ಕೂಲ್ ಅದೇ, ರಾಹುಲ್ ದ್ರಾವಿಡ್ ಓದಿದ್ದು. ಗಡಿ ಅಂದರೆ ಅತ್ತಿಬೆಲೆಯಲ್ಲಿ ಮಾತ್ರ ಅಂದುಕೊಂಡಿದ್ದೆ. ಊರೊಳಗೇ ಒಂದಿತ್ತು! 1881ರಿಂದ 1947ರವರೆಗೆ ಪೇಟೆ ಮೈಸೂರು ಮಹಾರಾಜರದ್ದು, ದಂಡು (ಕಂಟೋನ್ಮೆಂಟ್) ಬ್ರಿಟಿಷರದ್ದು, ಮಧ್ಯೆ ಕಬ್ಬನ್ ಪಾರ್ಕು. ದಂಡಿನ ಶಾಲೆಗಳಲ್ಲಿ ಮತ್ತೊಂದು ಗೆರೆ: ಯುರೋಪಿಯನ್ನರಿಗೆ ಬೇರೆ, ಇಂಡಿಯನ್ನರಿಗೆ ಬೇರೆ. ಯುರೋಪಿಯನ್ ಅನ್ನೋ ಹೆಸರು ಹೋಯಿತು, ಇಂಡಿಯನ್ ಅನ್ನೋದು ಉಳಿಯಿತು.

ಸೇಂಟ್ ಜೋಸೆಫ್ಸ್ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ: ಫೀದೆ ಎತ್ ಲಬೋರೆ. ನಂಬಿಕೆ ಮತ್ತು ದುಡಿಮೆ. 1973ರಲ್ಲಿ ಜೆಸ್ವಿಟರ ಮುಖ್ಯಸ್ಥ ಪೇದ್ರೋ ಅರೂಪೆ ಸ್ಪೇನಿನ ವಲೆನ್ಸಿಯಾದಲ್ಲಿ ಹಳೇ ವಿದ್ಯಾರ್ಥಿಗಳ ಎದುರು ನಿಂತು, ನಮ್ಮ ಶಾಲೆಗಳು ಬೇರೆಯವರಿಗಾಗಿ ಬದುಕುವವರನ್ನು ತಯಾರು ಮಾಡಬೇಕು ಎಂದರು. ಅಲ್ಲಿಂದಾಚೆ ಲೋಕದ ಜೆಸ್ವಿಟ್ ಶಾಲೆಗಳಲ್ಲೆಲ್ಲ ಇದೇ ಮಾತು. ಬರೀ ಇಂಗ್ಲಿಷು, ಶಿಸ್ತು ನೋಡಿ ಸೀಟಿಗೆ ಓಡಾಡುವ ನಮ್ಮಂಥವರು ಈ ಭಾಗವನ್ನು ಕೇಳಿಸಿಕೊಳ್ಳುವುದು ಕಡಿಮೆ.

ಎಲ್ಲರಿಗೂ ಬೈಬಲ್ ಕಲಿಸ್ತಾರಾ ಅಂತ ಕೇಳಿದಿರಿ. ಇಲ್ಲ. ಸಾಮಾನ್ಯವಾಗಿ ಇಂಥ ಶಾಲೆಗಳಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಕ್ಯಾಟಕಿಸಂ, ಅಂದರೆ ಅವರ ಧರ್ಮದ ಪಾಠ; ಉಳಿದವರಿಗೆ ಮಾರಲ್ ಸೈನ್ಸ್, ಅಂದರೆ ನೀತಿಪಾಠ. ಅಕ್ಕನ ಮಗ ಇಂಥದೇ ಇನ್ನೊಂದು ಶಾಲೆಯಲ್ಲಿದ್ದಾನೆ. ಬೆಲ್ ಆದರೆ ಅವನ ಬೆಂಚಿನ ಇಬ್ಬರು ಪುಸ್ತಕ ಹಿಡಿದು ಎದ್ದು ಹೋಗುತ್ತಾರೆ. ಮೊನ್ನೆ ಇವನ ಕ್ಲಾಸಿನಲ್ಲಿ ಪಾಠ 'ಹಂಚಿ ತಿನ್ನಬೇಕು' ಅಂತ. ಮುಂದಿನದು ಊಟದ ಬೆಲ್. ಆ ಇಬ್ಬರು ವಾಪಸ್ ಬರುವಷ್ಟರಲ್ಲಿ ಅವರ ಡಬ್ಬಿ ಖಾಲಿ.