ಲಸಿಕೆ ಹಾಕಿಸ್ಕೊಂಡ್ರೂ ವೈರಸ್ ಹೇಗೆ ತಪ್ಪಿಸ್ಕೊಳ್ಳತ್ತೆ?

ಲಸಿಕೆನೇ ಮ್ಯುಟೇಶನ್ ಹುಟ್ಸತ್ತೆ ಅನ್ನೋದು ಸುಳ್ಳು, ದಯವಿಟ್ಟು ಅದನ್ನ ಫಾರ್ವರ್ಡ್ ಮಾಡ್ಬೇಡಿ. ವೈರಸ್ ನಮ್ಮ ಜೀವಕೋಶದೊಳಗೆ ತನ್ನ ಕಾಪಿ ಮಾಡ್ಕೊಳ್ಳುವಾಗ ತಪ್ಪು ಆಗ್ತಾನೇ ಇರತ್ತೆ, ಅದೇ ಮ್ಯುಟೇಶನ್, ಹೆಚ್ಚಿನವು ಅದಕ್ಕೆ ಉಪಯೋಗಕ್ಕೆ ಬರಲ್ಲ, ಆದ್ರೆ ಆ್ಯಂಟಿಬಾಡಿ (ವೈರಸ್ಸನ್ನ ತಡೆಯೋಕೆ ದೇಹ ಮಾಡ್ಕೊಳ್ಳೋ ಪ್ರೋಟೀನ್) ಹಿಡ್ಕೊಳ್ಳೋ ಜಾಗದಲ್ಲೇ ಬದಲಾವಣೆ ಆಯ್ತು ಅಂದ್ರೆ ಹಿಡಿತ ಸಡಿಲ ಆಗತ್ತೆ, ಇಮ್ಯುನಿಟಿ ಇರೋ ಜನರ ಮಧ್ಯೆ ಅಂಥದ್ದೇ ಉಳ್ಕೊಂಡು ಹರಡತ್ತೆ. 2021ರ ಡಿಸೆಂಬರ್‌ನಲ್ಲಿ ಕೋವಿಡ್ ವೈರಸ್ಸಿನ ಓಮಿಕ್ರಾನ್ ತಳಿಯ ದೇಶದ ಮೊದಲ ಕೇಸ್ ನಮ್ಮ ಬೆಂಗಳೂರಲ್ಲೇ ಸಿಕ್ತಲ್ಲ, ಅದರ ಮೇಲ್ಮೈಲಿ ಮುಳ್ಳಿನ ಥರ ಇರೋ, ಆ್ಯಂಟಿಬಾಡಿ ಹಿಡ್ಕೊಳ್ಳೋ ಸ್ಪೈಕ್ ಪ್ರೋಟೀನ್‌ನಲ್ಲಿ ಸುಮಾರು 30 ಬದಲಾವಣೆ ಇತ್ತು, ಎರಡು ಡೋಸ್ ಆದವರಿಗೂ ಬಂತು.

ಹಾಗಂತ ಲಸಿಕೆ ವೇಸ್ಟ್ ಅಲ್ಲ. ಟಿ-ಸೆಲ್‌ಗಳು (ನಮ್ಮ ದೇಹದ ರಕ್ಷಣಾ ಕೋಶಗಳು) ವೈರಸ್ಸಿನ ಬೇರೆ ಬೇರೆ ತುಣುಕುಗಳನ್ನ ಗುರುತಿಸೋದ್ರಿಂದ ಸೀರಿಯಸ್ ಆಗೋದು ಕಮ್ಮಿ. ಫ್ಲೂ ಲಸಿಕೆನ ಪ್ರತಿ ವರ್ಷ ಪರಿಶೀಲಿಸಿ ಅಪ್‌ಡೇಟ್ ಮಾಡೋದೂ ವೈರಸ್ ಹೀಗೆ ಬದಲಾಗ್ತಾ ಇರೋದಕ್ಕೇ. ಆದ್ರೆ ದಡಾರದ ವೈರಸ್ ದಶಕಗಳಾದ್ರೂ ಲಸಿಕೆಯಿಂದ ತಪ್ಪಿಸ್ಕೊಂಡಿಲ್ಲ.